ಉಪ್ಪಾಗೆಯ ಕಾಲ

ಆಷಾಢದ ಮಳೆ ಹಿಡಿದು ಎಂಟು ದಿನಗಳಾಗಿ, ಹಗಲಿಗೂ ಸಂಜೆಗೂ ಭೇದವೇ ತೋರದಿದ್ದ ಒಂದು ಮುಂಜಾನೆ ನಾನು ಶಿರಸಿಯಲ್ಲಿ ಬಸ್ಸಿನಿಂದ ಇಳಿದೆನು. ಮಲೆನಾಡನ್ನು ನೋಡುವುದಕ್ಕೆ ಇದು ಕಾಲವಲ್ಲವೆಂದು ಹಿತೈಷಿಗಳು ಹೇಳದೆ ಇರಲಿಲ್ಲ. ಆದರೆ ನಾನು ಕಾಣಬೇಕೆಂದು ಹೊರಟಿದ್ದುದು ಕಾಡನ್ನೂ ಕಾಡಿನಿಂದ ಬದುಕುವವರನ್ನೂ ಒಟ್ಟಿಗೆ. ಆ ಎರಡರ ನಂಟು ಸ್ಫುಟವಾಗಿ ಗೋಚರಿಸುವುದು ಉಪ್ಪಾಗೆಯು ಹಣ್ಣಾಗುವ ಈ ಮಳೆಗಾಲದಲ್ಲಿಯೇ.

ಮೊದಲ ದಿನ ಸಾಲ್ಕಣಿಯ ಕಡೆಗೆ ಹೋದೆನು. 1983ನೆಯ ಇಸವಿಯ ಸೆಪ್ಟೆಂಬರ್ 8ರಂದು ಈ ಊರಿನ ಸ್ತ್ರೀಪುರುಷರು ಕಳಸೆಯ ಕಾಡಿಗೆ ನಡೆದು, ಕೊಡಲಿಗೆ ಗುರಿಯಾಗಿದ್ದ ಮರಗಳನ್ನು ತಬ್ಬಿ ನಿಂತರು. ಹಿಮಾಲಯದ ಚಿಪ್ಕೋದಿಂದ ಸ್ಫೂರ್ತಿ ಪಡೆದು, ಪಾಂಡುರಂಗ ಹೆಗಡೆಯವರ ನೇತೃತ್ವದಲ್ಲಿ ಬೆಳೆದ ಆ ಚಳವಳಿಗೆ ಅಪ್ಪಿಕೋ ಎಂಬ ಹೆಸರು ನಿಂತುದೂ, ಉಳಿಸು, ಬೆಳೆಸು, ಬಳಸು ಎಂಬ ಮೂರು ಕ್ರಿಯಾಪದಗಳು ಅದರ ಘೋಷವಾದುದೂ ಕನ್ನಡಿಗರಿಗೆ ತಿಳಿದ ಸಂಗತಿ. ಮರವನ್ನು ಮುಟ್ಟಲೇಬಾರದೆಂದು ಅವರು ಹೇಳಲಿಲ್ಲವೆಂಬುದೇ ನನಗೆ ಅದರಲ್ಲಿ ಬಹು ಪ್ರಿಯವಾದ ಅಂಶ. ಬಳಸು ಎಂಬ ಮಾತನ್ನು ಕೈಬಿಟ್ಟಿದ್ದರೆ ಆ ಘೋಷವು ಊರಿನವರಾಡುವ ಮಾತಾಗದೆ ಹೊರಗಿನವರ ಉಪದೇಶವಾಗಿಬಿಡುತ್ತಿತ್ತು.

ಅಂದು ಉಳಿದುಕೊಂಡುದು ಒಬ್ಬ ಅಡಕೆ ತೋಟಿಗರ ಮನೆಯಲ್ಲಿ. ಜಗುಲಿಗೆ ಕಾಲಿಡುತ್ತಲೇ "ಆಸರಿಗೆ ಏನು ಕೊಡಲಿ?" ಎಂದು ಕೇಳಿ, ಮುರುಗಲಿನ ಪಾನಕವನ್ನಿತ್ತ ಮನೆಯೊಡತಿಯು, ಮಳೆ ಬಿಟ್ಟ ಅರ್ಧ ಗಳಿಗೆಯಲ್ಲಿ ನನ್ನನ್ನು ಸೊಪ್ಪಿನ ಬೆಟ್ಟಕ್ಕೆ ಕರೆದೊಯ್ದರು. ಘಟ್ಟದ ಮೇಲಿನ ತಾಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟವನ್ನು, ಸೊಪ್ಪು ದರಕುಗಳಿಗಾಗಿ ಬಿಟ್ಟುಕೊಟ್ಟ ಪದ್ಧತಿ ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. "ತುದಿಯ ಚಂಡೆ ಬಿಟ್ಟು ಸೊಪ್ಪು ಕೊಯ್ದರೆ ಮರ ಉಳೀತದೆ, ಬೆಟ್ಟ ಬೋಳಾದರೆ ತೋಟವೂ ಬಡಕಲಾಗ್ತದೆ" ಎಂದರು ಆಕೆ. ಪಕ್ಕದಲ್ಲಿಯೇ ಬೋಳಾಗಿ, ಕಲ್ಲು ತೋರುತ್ತಿದ್ದ ಬೆಟ್ಟವೊಂದಿದ್ದಿತು. ಅದು ಯಾರದೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮರುದಿನ ಸಿದ್ದಾಪುರವನ್ನು ದಾಟಿ, ಮಾವಿನಗುಂಡಿಯಿಂದ ಹೊನ್ನಾವರದ ಹಾದಿ ಹಿಡಿದು ಕತ್ತಲೆಕಾನಿಗೆ ಬಂದೆನು. ಊರಿನ ತರುಣನೊಬ್ಬನು ಕತ್ತಿ ಹಿಡಿದು ಮುಂದೆ ನಡೆದನು. ನಾನು ಕಾಲಿಗೇರುತ್ತಿದ್ದ ಉಂಬಳಗಳನ್ನು ಕೀಳುತ್ತ ಹಿಂದೆ ನಡೆದೆನು. ಕಾನು ಎಂಬ ಶಬ್ದಕ್ಕೆ ಕತ್ತಲೆಯ ವಿಶೇಷಣವು ಏಕೆ ಬೇಕಾಯಿತೆಂಬುದು ಒಳಹೊಕ್ಕ ಕ್ಷಣದಲ್ಲಿಯೇ ವೇದ್ಯವಾಯಿತು. ಅಲ್ಲಿಯ ತಗ್ಗಿನಲ್ಲಿ, ವರ್ಷವಿಡೀ ನೀರು ಜಿನುಗುವ ಕೆಸರಿನ ನೆಲದಲ್ಲಿ, ಜಾಯಿಕಾಯಿಯ ವಂಶಕ್ಕೆ ಸೇರಿದ ಮರಗಳು ತಮ್ಮ ಬೇರುಗಳನ್ನು ಊರುಗೋಲುಗಳಂತೆ ಊರಿಕೊಂಡು ನಿಂತಿದ್ದವು. ಗಾಳಿಯಾಡದ ಕೆಸರಿನಿಂದ ಉಸಿರಿಗಾಗಿ ಮೇಲೆದ್ದ ಇನ್ನು ಕೆಲವು ಬೇರುಗಳು ಮಡಿಸಿದ ಮೊಣಕಾಲುಗಳಂತೆ ಬಾಗಿ ಮತ್ತೆ ನೆಲವನ್ನೇ ಹೊಕ್ಕಿದ್ದವು. ಇಲ್ಲಿಯ ಜನ ಇದನ್ನು ರಾಮಪತ್ರೆ ಜಡ್ಡಿ ಎನ್ನುತ್ತಾರೆ. ಜಡ್ಡಿಯ ನೀರು ಹಳ್ಳವಾಗಿ ಕೆಳಗಿನ ತೋಟಗಳಿಗೆ ಹೋಗುವುದನ್ನು ತೋರಿಸಿದ ತರುಣನು, ಹಳ್ಳದ ದಡದಲ್ಲಿ ಒಂದು ಎಳೆಯ ಗಿಡದ ಬಳಿ ನಿಂತು, "ಇದು ಹೊಳೆಗೇರು ಸಾರ್, ತುಳಿಯಬೇಡಿ" ಎಂದನು. ಸಸ್ಯಶಾಸ್ತ್ರಜ್ಞರು 2000ನೆಯ ಇಸವಿಯಲ್ಲಿ ಹೊಸ ಪ್ರಭೇದವೆಂದು ಗುರುತಿಸಿ, ಶಾಸ್ತ್ರೀಯ ನಾಮದಲ್ಲಿ ಕತ್ತಲೆಕಾನಿನ ಹೆಸರನ್ನೇ ಇಟ್ಟ ವೃಕ್ಷವಿದು. ಲೋಕದಲ್ಲಿ ಉಳಿದಿರುವುದು ಅತ್ಯಲ್ಪವಾದುದರಿಂದ ಶಿರಸಿಯ ಅರಣ್ಯ ಕಾಲೇಜಿನವರು ಬೀಜದಿಂದ ಸಸಿಗಳನ್ನು ಎಬ್ಬಿಸಿದ್ದಾರೆ. ಮೊಳಕಾಲೆತ್ತರವೂ ಇರದ ಆ ಗಿಡದ ಸುತ್ತ ಯಾರೋ ನಾಲ್ಕು ಕೋಲುಗಳನ್ನು ನೆಟ್ಟಿದ್ದರು.

ಮಧ್ಯಾಹ್ನಕ್ಕೆ ಕಾನಿನಂಚಿನ ಒಂದು ಮನೆಯ ಬಾಗಿಲಲ್ಲಿ ಹೊಗೆ ಕಂಡು ನಿಂತೆವು. ಒಳಗೆ ಒಲೆಯ ಮೇಲಿನ ಅಟ್ಟದ ಬಿದಿರು ತಟ್ಟಿಯಲ್ಲಿ, ಹಳದಿಯ ಉಪ್ಪಾಗೆ ಸಿಪ್ಪೆಗಳು ಕಪ್ಪಾಗುತ್ತಲಿದ್ದವು. ಬಿಸಿಲಿಲ್ಲದ ಕಾಲದಲ್ಲಿ ಹಣ್ಣಾಗುವ ಈ ಫಲವನ್ನು ಬೆಂಕಿಯಿಂದಲ್ಲದೆ ಒಣಗಿಸುವಂತಿಲ್ಲ. ಆ ಬೆಂಕಿಗೂ ಕಾಡೇ ಸೌದೆ ಕೊಡಬೇಕಲ್ಲವೇ! ಹೆಚ್ಚು ಸೌದೆ ಬೇಡದ ಹೊಸ ಮಾದರಿಯ ಒಲೆಗಳು ಈ ಸೀಮೆಗೆ ಬಂದಿರುವುದು ಅದಕ್ಕಾಗಿಯೇ. ಸಿಪ್ಪೆಯು ಕೇರಳಕ್ಕೆ ಮೀನುಸಾರಿನ ಹುಳಿಗಾಗಿ ಹೋಗುತ್ತದೆ; ಬೀಜದಿಂದ ತೆಗೆದ ಉಪ್ಪಾಗೆ ತುಪ್ಪ ಮನೆಯಲ್ಲಿ ದೋಸೆಯ ಮೇಲೆ ಬೀಳುತ್ತದೆ.

1990ರ ದಶಕದಲ್ಲಿ ಈ ಸಿಪ್ಪೆಯ ಆಮ್ಲವು ಮೈಯ ಬೊಜ್ಜನ್ನು ಕರಗಿಸುವುದೆಂಬ ನಂಬಿಕೆಯಿಂದ ಪಾಶ್ಚಾತ್ಯ ದೇಶಗಳಲ್ಲಿ ಬೇಡಿಕೆ ಹುಟ್ಟಿ, ಬೆಲೆಯೇರಿ, ಕಾಡಿನಲ್ಲಿ ಆದ ಅನಾಹುತವನ್ನು ಮನೆಯ ಮುದುಕಿಯು ಸಿಪ್ಪೆ ಮಗುಚುತ್ತಲೇ ಹೇಳಿದಳು. "ಹಣ್ಣಾಗೂಕೆ ಬಿಡ್ತಿರಲಿಲ್ಲ ತಮ್ಮಾ. ನಾ ಬಿಟ್ಟರೆ ಮತ್ತೊಬ್ಬ ಕೊಯ್ತಾನೆ ಅಂತ ಎಲ್ಲರೂ ಕಾಯನ್ನೇ ಕೊಯ್ದರು. ಹೆಣೆ ಕಡಿದು ಕೆಡವಿದರು." ಬಡತನಕ್ಕಿಂತಲೂ ನೆರೆಯವನ ಮೇಲಣ ಅಪನಂಬಿಕೆಯೇ ಆಗ ಮರದ ಬುಡಕ್ಕೆ ಕೊಡಲಿಯಾಯಿತಷ್ಟೆ. ನಿರೀಕ್ಷಿಸುವುದಕ್ಕೂ ರಕ್ಷಿಸುವುದಕ್ಕೂ ಕಾಯುವುದೆಂಬ ಒಂದೇ ಮಾತು ನಮ್ಮ ನುಡಿಯಲ್ಲಿ ಹೇಗೆ ಬಂದಿತೋ ನಾನರಿಯೆ; ಉಪ್ಪಾಗೆಯ ವಿಷಯದಲ್ಲಂತೂ ಅವೆರಡೂ ಬೇರೆ ಬೇರೆಯಲ್ಲ. ಹಣ್ಣಾಗಿ ಉದುರುವವರೆಗೆ ಕಾಯೋಣವೆಂದು ಊರಿನವರು ಕೂಡಿ ಮಾತಾಡಿಕೊಂಡಲ್ಲಿ ಮಾತ್ರ ಮರ ಕಾಯಲ್ಪಡುತ್ತದೆ.

ಸಂಜೆಗೆ ಮುಂಚೆ ಮುದುಕಿಯು ಕಂಬಳಿ ಕೊಪ್ಪೆ ಹೊದ್ದು, ಬುಟ್ಟಿ ಹಿಡಿದು ಮತ್ತೊಮ್ಮೆ ಕಾನಿಗೆ ಹೊರಟಾಗ ನಾವೂ ಹಿಂಬಾಲಿಸಿದೆವು. ಮರದ ಸಮೀಪಕ್ಕೆ ಬರುತ್ತಲೇ ಆಕೆ ಕೈಯೆತ್ತಿ ನಮ್ಮನ್ನು ತಡೆದಳು. ಮೇಲೆ, ಕಪ್ಪು ಮೋರೆಯ ಸುತ್ತ ಬೂದು ಕೇಸರವಿದ್ದ ನಾಲ್ಕೈದು ಸಿಂಗಳೀಕಗಳು ಹಣ್ಣನ್ನು ಸೀಳಿ, ಬೀಜದ ಮೇಲಣ ತಿರುಳನ್ನು ಚೀಪುತ್ತಿದ್ದವು. ಪಶ್ಚಿಮ ಘಟ್ಟಗಳಲ್ಲಿ ಅವುಗಳ ವಾಸಸ್ಥಾನದ ಉತ್ತರದ ಎಲ್ಲೆ ಈ ಸೀಮೆಯೇ. 2011ರಲ್ಲಿ ಅಘನಾಶಿನಿಯ ಕಣಿವೆಯಲ್ಲಿ ಅವುಗಳಿಗಾಗಿ ಸಂರಕ್ಷಣಾ ಮೀಸಲು ಪ್ರದೇಶ ಘೋಷಿತವಾಗಿ, 2019ರಲ್ಲಿ ಅದು ಶರಾವತಿ ಕಣಿವೆಯ ಅಭಯಾರಣ್ಯದಲ್ಲಿ ಸೇರಿತು. ಮುದುಕಿಗೆ ಆ ಇಸವಿಗಳಿಂದ ಏನೂ ಆಗಬೇಕಾಗಿರಲಿಲ್ಲ. "ಅವು ತಿಂದು ಹೋಗಲಿ" ಎಂದು ಪಿಸುನುಡಿದು, ಬುಟ್ಟಿಯನ್ನು ಬೋರಲು ಹಾಕಿ, ಒಂದು ಬೇರಿನ ಮೇಲೆ ಕುಳಿತಳು. ಮಳೆ ಮತ್ತೆ ಹಿಡಿಯಿತು. ನಾವೂ ಅವಳ ಪಕ್ಕದಲ್ಲಿ ಕುಳಿತೆವು.