ಪಥ್ಯವೂ ಹೋಳಿಗೆಯೂ

ಮೈತೂಕವನ್ನಿಳಿಸಬೇಕೆಂದು ವೈದ್ಯರು ವಿಧಿಸಿದಂದಿನಿಂದ, ಮನೆಯ ಅಡಿಗೆಯೇ ಅಪರಾಧಿಯೆಂಬಂತೆ ನಮ್ಮ ಮಕ್ಕಳು ನೋಡುತ್ತಿರುವರು. ಇದು ನನಗೆ ಸಮ್ಮತವಲ್ಲ. ಜಗಳೂರಿನ ಕಡೆಯ ರೈತನು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗಳ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಹಗಲೆಲ್ಲ ದುಡಿಯುತ್ತಿದ್ದನು. ನಾವಾದರೋ ಆ ಬುತ್ತಿಯನ್ನೇ ಕುರ್ಚಿಯಲ್ಲಿ ಕುಳಿತುಣ್ಣುವೆವು. ರೊಟ್ಟಿಯನ್ನೇಕೆ ದೂರಬೇಕು? (ಜೋಳ ನವಣೆಗಳನ್ನು ಹೊಗಳಲು ವಿಶ್ವಸಂಸ್ಥೆಯೇ 2023ನ್ನು ಸಿರಿಧಾನ್ಯವರ್ಷವೆಂದು ಸಾರಿತಲ್ಲವೆ!)

ಪಾಠಶಾಲೆಯ ದಿನಗಳಿಂದ ನಾನರಿತ ವಾಗ್ಭಟನು ಅಷ್ಟಾಂಗಹೃದಯದಲ್ಲಿ ಹೊಟ್ಟೆಯ ಎರಡು ಪಾಲನ್ನು ಅನ್ನಕ್ಕೂ ಒಂದನ್ನು ನೀರಿಗೂ ಕೊಟ್ಟು, ನಾಲ್ಕನೆಯದನ್ನು ವಾಯುವಿಗಾಗಿ ಬರಿದಾಗಿರಿಸಲು ಹೇಳಿರುವನು. ಅದರಂತೆ ಮೂರು ರೊಟ್ಟಿಗಳ ಸ್ಥಾನದಲ್ಲಿ ಈಗ ಒಂದೂವರೆ, ಪಲ್ಯವು ಇಮ್ಮಡಿ. ಸಂಜೆ ಹೊನ್ನಾಳಿಯ ತುಂಗಭದ್ರೆಯ ದಡದಲ್ಲಿ ನಡೆಯುವೆನು. ದಾವಣಗೆರೆಯ ಬೆಣ್ಣೆದೋಸೆಯು ತಿಂಗಳಿಗೊಮ್ಮೆ. ಯುಗಾದಿಯ ಹೋಳಿಗೆಗೆ ತುಪ್ಪವನ್ನೆರೆಯುವಾಗ ಮಾತ್ರ ನನ್ನ ಸಹಧರ್ಮಿಣಿಗೆ ವೈದ್ಯರ ಮಾತು ಮರೆತುಹೋಗುವುದು, ನಾನೂ ನೆನಪಿಸುವುದಿಲ್ಲ.