ಅಮ್ಮಂದಿರ ಹೊಟ್ಟೆಯ ಹುಳು

ಕೋಲ್ಕತ್ತಾ, ಫೆಬ್ರವರಿ 9

ಕ್ಯಾನಿಂಗ್ ಲೋಕಲ್ ಹಿಡಿದು ಬಂದು ಢಾಕುರಿಯಾದ ಮನೆಗಳಲ್ಲಿ ಪಾತ್ರೆ ತಿಕ್ಕುವ ಹೆಂಗಸೊಬ್ಬಳು ಓಪಿಡಿಗೆ ಬಂದಿದ್ದಳು. ಕೆಳರೆಪ್ಪೆ ಎಳೆದು ನೋಡಿದರೆ ರಕ್ತವೇ ಇಲ್ಲದಷ್ಟು ಬಿಳುಪು. ಮಲ ಪರೀಕ್ಷೆ ಮಾಡಿಸಿ, ನಾನೇ ಲ್ಯಾಬಿಗೆ ಹೋಗಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ: ತೆಳ್ಳನೆಯ ಪಾರದರ್ಶಕ ಚಿಪ್ಪು, ಒಳಗೆ ನಾಲ್ಕೆಂಟು ಜೀವಕೋಶಗಳ ಗೊಂಚಲು. ಕೊಕ್ಕೆಹುಳುವಿನ ಮೊಟ್ಟೆ. ಬರಿಗಾಲಲ್ಲಿ ಒದ್ದೆ ಮಣ್ಣು ತುಳಿದರೆ ಅದರ ಮರಿ ಚರ್ಮ ಕೊರೆದುಕೊಂಡೇ ಒಳಹೋಗುತ್ತದೆ.

"ಹುಳದ ಮಾತ್ರೆ ಮಕ್ಕಳಿಗಲ್ವಾ ದಿದಿ?" ಅಂದಳು. ನಾಳೆ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ. ಆಲ್ಬೆಂಡಜೋಲ್ 1ರಿಂದ 19 ವರ್ಷದವರಿಗೆ. ಬಸುರಿಯರಿಗೆ ಮೂರು ತಿಂಗಳು ಕಳೆದ ಮೇಲೆ ತಪಾಸಣೆಯಲ್ಲಿ ಕೊಡುತ್ತೇವೆ. ಇವಳಿಗೆ ಮೂವತ್ತಾರು, ಬಸುರಿಯೂ ಅಲ್ಲ.

ಫೆಬ್ರವರಿ 11

ಕರುಳಿನ ಹುಳುವಿಗೂ ಜನನಾಂಗದ ವೈರಸ್ಸಿಗೂ ಇರುವ ನಂಟಿನ ಬಗ್ಗೆ 2021ರಲ್ಲಿ ಬಂದ ಪ್ರಬಂಧವೊಂದನ್ನು ಮತ್ತೆ ಓದಿದೆ. ಇಲಿಗಳ ಕರುಳಿಗೆ ಹುಳು ಹತ್ತಿಸಿ, ಆಮೇಲೆ ಯೋನಿಗೆ ಹರ್ಪಿಸ್ ವೈರಸ್ ತಗುಲಿಸಿದ್ದರು. ಹುಳು ಯೋನಿಯ ಕಡೆ ತಲೆಹಾಕಿಯೂ ಮಲಗಿರಲಿಲ್ಲ. ಆದರೂ ಅಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ಜಮಾಯಿಸಿ ಹುಣ್ಣು ಉಲ್ಬಣಿಸಿತು. ಆ ಕಣಗಳನ್ನು ಇಳಿಸಿದಾಗ ಹುಣ್ಣೂ ಇಳಿಯಿತು. ಹುಳುವಿನ ಮೇಲೆ ದೇಹ ಹೂಡುವ ಪ್ರತಿರೋಧವೇ ಬೇರೆ, ವೈರಸ್ ತಡೆಯಲು ಬೇಕಾದ್ದೇ ಬೇರೆ. ಮೊದಲನೆಯದು ಮೈತುಂಬ ಹರಡಿಕೊಂಡರೆ ಎರಡನೆಯದು ಸೊರಗಬಹುದು.

ಇಲಿಯಲ್ಲಷ್ಟೇ ಅಲ್ಲ. ಪೆರುವಿನ ಅಮೆಜಾನ್ ಕಡೆಯ ಹೆಂಗಸರ ಅಧ್ಯಯನ 2016ರಲ್ಲಿ ಬಂತು: ಮೂವತ್ತು ದಾಟಿದವರಲ್ಲಿ, ಜಂತುಹುಳು ಇದ್ದವರಿಗೆ ಎಚ್‌ಪಿವಿ ಸುಮಾರು ಶೇ 60ರಷ್ಟು ಹೆಚ್ಚು. ಹುಳುವಿನ ವಿರುದ್ಧ ಏಳುವ ಪ್ರತಿರೋಧದ ಗುರುತುಗಳು ಗರ್ಭಕಂಠದ ದ್ರವದಲ್ಲೇ ಸಿಕ್ಕಿದ್ದವು. ಹುಳುವೇ ಕಾರಣ ಎಂದು ಇಷ್ಟರಿಂದ ಸಾಬೀತಾಗದು, ನಿಜ. ಆದರೆ ಎಚ್‌ಪಿವಿ ಗರ್ಭಕಂಠದ ಕ್ಯಾನ್ಸರಿಗೆ ದಾರಿ ಮಾಡುವ ವೈರಸ್. ನನಗೆ ಸುಮ್ಮನೆ ಕೂರಲು ಮನಸ್ಸಿಲ್ಲ.

ಇದೇ ಊರಿನ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿ ಸಂಶೋಧಕ ಏಸಾ ಚಾಂಡ್ಲರ್ 1920ರ ದಶಕದಲ್ಲೇ ಕೊಕ್ಕೆಹುಳುವಿನ ಬೆನ್ನು ಹತ್ತಿದ್ದರು. ನೂರು ವರ್ಷವಾಯಿತು!

ಫೆಬ್ರವರಿ 13

ಅವಳು ಮಾತ್ರೆ ನುಂಗಿದ್ದಾಳೆ. ಕಬ್ಬಿಣಾಂಶದ ಗುಳಿಗೆಯೂ ಶುರು. ಗರ್ಭಕಂಠಕ್ಕೆ ಅಸೆಟಿಕ್ ಆಮ್ಲ ಸವರಿ ಒಂದು ನಿಮಿಷ ಕಾದೆ. ಬಿಳಿ ಮಚ್ಚೆ ಏಳಲಿಲ್ಲ.

ಈ ತಪಾಸಣೆಗೆ ಬರುವವರಿಗೆಲ್ಲ ಮಲ ಪರೀಕ್ಷೆಯನ್ನೂ ಸೇರಿಸೋಣ ಎಂದರೆ, ಹಿರಿಯ ಡಾಕ್ಟರರೊಬ್ಬರು "ಹುಳು ತೆಗೆದರೆ ವೈರಸ್ ಹೋಗುತ್ತೆ ಅನ್ನೋದಕ್ಕೆ ಪುರಾವೆ ಎಲ್ಲಿ?" ಎಂದರು. ಅದಕ್ಕೆ ಪುರಾವೆ ಬೇಕು, ಸರಿ. ರಕ್ತಹೀನತೆಗೆ ಬೇಕೆ? ಹುಳುವಿನ ಸೋಂಕು ಶೇ 20 ಅಥವಾ ಅದಕ್ಕಿಂತ ಹೆಚ್ಚಿರುವ ಕಡೆ ಹೆರುವ ವಯಸ್ಸಿನ ಹೆಂಗಸರಿಗೂ ಮಾತ್ರೆ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಹೇಳಿದೆ. ಕ್ಯಾನಿಂಗ್ ಕಡೆಯಿಂದ ಬರುವ ಹೆಂಗಸರಲ್ಲಿ ಎಷ್ಟಿದೆ ಎಂದು ಮೊದಲು ನೋಡಬೇಕು. ಸೋಮವಾರದ ಸಭೆಗೆ ಬರಹದಲ್ಲೇ ಕೊಡುತ್ತೇನೆ.