ಮಡ್ಗಾರ್ಡಿನ ಮಣ್ಣು

ಮೊಮ್ಮಗನ ಹೊಸ ಸೈಕಲ್ಲಿಗೆ 21 ಗೇರುಗಳಿವೆ, ಮಡ್ಗಾರ್ಡ್ ಮಾತ್ರ ಇಲ್ಲ. "ಮಳಿಗಾಲದಾಗ ಬೆನ್ನೆಲ್ಲ ರಾಡಿ ಆಗ್ತದಲ್ಲೋ" ಅಂದರೆ ನಗುತ್ತಾನೆ. ನನಗೋ ಮಡ್ಗಾರ್ಡ್ ಅಂದ ಕೂಡಲೇ 1970ರ ನಾಗರ ಪಂಚಮಿಯ ಹಿಂದಿನ ದಿನ ನೆನಪಾಗುತ್ತದೆ.

ಆಗ ನನಗೆ 18 ವರ್ಷ. ನಮ್ಮೂರು ಆಳಂದದ ಹತ್ತಿರ. ಅಕ್ಕನನ್ನು ಕೊಟ್ಟದ್ದು ಭೀಮಾ ನದಿಯ ಆಚೆ, ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಗೆ. ಪಂಚಮಿ ಬಂತೆಂದರೆ ಅಪ್ಪ ಬಂಡಿ ಹೂಡಿಕೊಂಡು ಹೋಗಿ ಅವಳನ್ನು ಕರೆತರುತ್ತಿದ್ದರು. ಅಪ್ಪ ತೀರಿಕೊಂಡ ವರ್ಷ ಮನೆಯಲ್ಲಿ ಹಬ್ಬವಿಲ್ಲ. ಸಾಲಕ್ಕೆ ಎತ್ತುಗಳೂ ಹೋದವು. ಮರುವರ್ಷ ಅವ್ವ ಅಂದಳು: "ಕೈಗೂಸು ಕಟ್ಕೊಂಡು ಆಕಿ ಸೈಕಲ್ ಮ್ಯಾಲೆ ಬರೂದು ಆಗದ ಮಾತು. ಆದ್ರ ಈ ಸಲನೂ ಯಾರೂ ಹೋಗ್ಲಿಲ್ಲಂದ್ರ ತವರು ಮುಗೀತು ಅಂತ ತಿಳೀತಾಳ. ಉಂಡಿ ಕೊಟ್ಟು ಬಾ."

ಎರಡು ದಿನದಿಂದ ಹಿಡಿದಿದ್ದ ಮಳೆ ಆ ನಸುಕಿನಲ್ಲಿ ನಿಂತಿತ್ತು. ಪಕ್ಕದ ಮನೆಯವರ ಅಟ್ಲಾಸ್ ಸೈಕಲ್ಲು. ಕ್ಯಾರಿಯರಿಗೆ ಕಟ್ಟಿದ ಡಬ್ಬಿಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳು, ಮೇಲೊಂದು ಕುಪ್ಪಸದ ಖಣ.

"ನೀರು ಹೋದ ಕಡೆ ಹೋಗು, ದಾರಿ ತಪ್ಪೂದಿಲ್ಲ" ಎಂದು ಅಪ್ಪ ಹೇಳುತ್ತಿದ್ದರು. ನಮ್ಮ ಅಮರ್ಜಾ ನದಿ ದಕ್ಷಿಣಕ್ಕೆ ಹರಿದು ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ಹಾಗಾದರೆ ಪೂರಾ ಇಳಿಜಾರೇ ಅಲ್ಲವೆ ಅಂದುಕೊಂಡಿದ್ದೆ. ನದಿಗೇನೋ ಇಳಿಜಾರು. ದಾರಿ ಮಾತ್ರ ಒಂದು ಮಡ್ಡಿ ಏರುವುದು, ಒಂದು ಹಳ್ಳಕ್ಕೆ ಇಳಿಯುವುದು, ಮತ್ತೆ ಮಡ್ಡಿ. ಮಡ್ಡಿಯ ಮೇಲೆ ಬರೀ ಕರಿಕಲ್ಲು, ಡಬ್ಬಿ ಗಡಗಡ. ಕೆಳಗಿಳಿದರೆ ಎರೆಮಣ್ಣು. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರಿಯುವ ಈ ಮಣ್ಣು ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ. ಗಾಲಿಗೆ ಹತ್ತಿ, ಮಡ್ಗಾರ್ಡಿನೊಳಗೆ ಗಿಡಿದು, ಹತ್ತು ಮಾರು ಹೋಗುವಷ್ಟರಲ್ಲಿ ಗಾಲಿ ತಿರುಗುವುದೇ ಇಲ್ಲ. ಜಾಲಿ ಕಟ್ಟಿಗೆಯಿಂದ ಕೆರೆಯಬೇಕು, ಮತ್ತೆ ನೂಕಬೇಕು. ಮುಂದೆ ಬ್ಯಾಂಕಿನಲ್ಲಿ ಗುಮಾಸ್ತನಾದವನು ನಾನು, ಲೆಕ್ಕ ಇಡುವ ಚಟ ಆಗಲೇ ಇತ್ತು. ಹನ್ನೊಂದು ಸಲ ಕೆರೆದೆ. ಎರಡು ಕಡೆ ಸೈಕಲ್ಲೇ ನನ್ನ ಹೆಗಲೇರಿತು.

ಹೆಸರಿನ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಮುದುಕರೊಬ್ಬರು ನೋಡಿ ನೋಡಿ ಸಾಕಾಗಿ ಕೂಗಿದರು: "ಏ ತಮ್ಮಾ, ಬಂಡಿ ದಾರಿ ಬಿಡು, ಒಡ್ಡಿನ ಹುಲ್ಲಿನ ಮ್ಯಾಲೆ ನಡಿ!" ಅರ್ಧ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟರು. ಆ ಬುದ್ಧಿ ಮೊದಲೇ ಬಂದಿದ್ದರೆ ಹನ್ನೊಂದು ನಾಲ್ಕಾಗುತ್ತಿತ್ತು.

ಗಾಣಗಾಪುರ ಮುಟ್ಟುವಾಗ ಹೊತ್ತು ಇಳಿದಿತ್ತು. ದತ್ತಾತ್ರೇಯನಿಗೆ ದೂರದಿಂದಲೇ ಕೈ ಮುಗಿದು ಹೊಳೆಗೆ ಇಳಿದೆ. ಆಗ ಮಹಾರಾಷ್ಟ್ರದ ಉಜನಿ ಅಣೆಕಟ್ಟು ಇನ್ನೂ ಆಗಿರಲಿಲ್ಲ. ಸಹ್ಯಾದ್ರಿಯಲ್ಲಿ ಬಿದ್ದ ಮಳೆಯೆಲ್ಲ ಕೆಂಪಗೆ ನಮ್ಮ ಮುಂದೆಯೇ ಹರಿಯುತ್ತಿತ್ತು. ಅಂಬಿಗ ನನ್ನನ್ನು ನೋಡಿದ, ಸೈಕಲ್ ನೋಡಿದ. "ನೀ ಬಾ, ಅದು ಬ್ಯಾಡ" ಅಂದ. ಮಂದಿಯ ಸೈಕಲ್ಲು, ಎಲ್ಲಿ ಬಿಡಲಿ? ದೋಣಿ ಎರಡು ಸಲ ಹೋಗಿ ಬಂತು. ನಾನು ಸೈಕಲ್ ಊರ ಕಡೆ ತಿರುಗಿಸಿದೆ. ಇದನ್ನು ಅಕ್ಕನಿಗೆ ಯಾವತ್ತೂ ಹೇಳಿಲ್ಲ.

ಹಿಂದಿನಿಂದ ಅಂಬಿಗ ಕೇಳಿದ: "ಡಬ್ಯಾಗ ಏನದ?"

"ಅಕ್ಕಗ ಪಂಚಮಿ ಉಂಡಿ."

"ಮೊದಲ ಹೇಳಬಾರದೇನು!" ಎಂದು ತಾನೇ ಸೈಕಲ್ ಎತ್ತಿ ಅಡ್ಡ ಮಲಗಿಸಿದ. ಕಾಸು ಮಾತ್ರ ಇಬ್ಬರದು ತೆಗೆದುಕೊಂಡ.

ಅಕ್ಕನ ಮನೆ ಮುಟ್ಟಿದಾಗ ಕತ್ತಲೆ. ಕಂದೀಲು ಎತ್ತಿ ಹಿಡಿದು ಮೊದಲು ಅವಳು ನೋಡಿದ್ದು ನನ್ನನ್ನಲ್ಲ, ನನ್ನ ಹಿಂದಿನ ದಾರಿಯನ್ನು.

"ಬಂಡಿ ಎಲ್ಲಿ?"

"ಎತ್ತು ಮಾರಿದ್ವಿ."

ಒಳಗೆ ಹೋಗಿ ನೀರು ಕಾಯಿಸಿದಳು, ಮತ್ತೇನೂ ಕೇಳಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಅಕ್ಕ ಅಂಗಳದಲ್ಲಿ ಕುಂತು ಸೈಕಲ್ಲಿನ ಮಡ್ಗಾರ್ಡಿನಿಂದ ಮಣ್ಣು ಕೆರೆಯುತ್ತಿದ್ದಾಳೆ. ಅದನ್ನೇ ನಾದಿ ನಾಗಪ್ಪನನ್ನು ಮಾಡಿದಳು. "ತವರಿನ ಮಣ್ಣು" ಅಂದಳು.

"ಆಳಂದದ ಮಣ್ಣು ದಾರ್‍ಯಾಗ ಕೆರೆದು ಒಗದೇನಕ್ಕ. ಇದು ನಿಮ್ಮ ಜೇವರ್ಗೀದೇ" ಅಂದೆ.

"ಬಾಯಿ ಮುಚ್ಕೊಂಡು ಹಾಲು ಹಿಡಿ."

ಕೊಬ್ಬರಿ ಬಟ್ಟಲಿನಿಂದ ಹಾಲೆರೆದಳು: ಅವ್ವನ ಪಾಲು, ತಮ್ಮನ ಪಾಲು, ಕೂಸಿನ ಪಾಲು. ಸ್ವಲ್ಪ ತಡೆದು, ಹೆಸರು ಹಿಡಿದು, ಮಾರಿದ ಎರಡೂ ಎತ್ತುಗಳ ಪಾಲು.

ತಿರುಗಿ ಬರುವಾಗ ಮಡ್ಗಾರ್ಡ್ ಬಿಚ್ಚಿ ಕ್ಯಾರಿಯರಿಗೆ ಕಟ್ಟಿಕೊಂಡು ಬಂದೆ. ಬೆನ್ನೆಲ್ಲ ರಾಡಿಯಾಗಿತ್ತು.